ಹುಡುಕಿದರೆ ಸಿಗದ ಬಿಲ್ಲು ಯಾರಿಗೆ ಬೇಕು?

ಸಣ್ಣ ವ್ಯಾಪಾರಿಗಳಿಗೆ ಅಂತ ಮಾರುವ ಬಿಲ್ಲಿಂಗ್ ಸಾಫ್ಟ್‌ವೇರುಗಳ ಜಾಹೀರಾತುಗಳನ್ನು ಒಮ್ಮೆ ನೋಡಿ. ಹತ್ತೇ ಸೆಕೆಂಡಿನಲ್ಲಿ ಬಿಲ್ಲು, ವಾಟ್ಸಾಪ್‌ನಲ್ಲಿ ಬಿಲ್ಲು, ಲೋಗೋ ಹಾಕಿದ ಬಿಲ್ಲು, ಕ್ಯೂಆರ್ ಕೋಡ್ ಇರುವ ಬಿಲ್ಲು, ಬಣ್ಣಬಣ್ಣದ ಟೆಂಪ್ಲೇಟಿನಲ್ಲಿ ಬಿಲ್ಲು. ಎಲ್ಲ ಮಾತೂ ಬಿಲ್ಲು ಹುಟ್ಟಿಸುವುದರ ಬಗ್ಗೆಯೇ. ಹುಟ್ಟಿದ ಬಿಲ್ಲನ್ನು ಎಂಟು ತಿಂಗಳಾದ ಮೇಲೆ ಹುಡುಕಿ ತೆಗೆಯೋದು ಹೇಗೆ ಅನ್ನುವ ವಿಷಯಕ್ಕೆ ಬಂದರೆ ಮಾತ್ರ ಮೌನ. ಡೆಮೋ ತೋರಿಸುವಾಗ ಅದರಲ್ಲಿ ಇರುವುದೇ ನಾಲ್ಕು ಬಿಲ್ಲು. ನಾಲ್ಕರಲ್ಲಿ ಹುಡುಕೋದೇನು ಬಂತು?

ನನ್ನ ತಕರಾರು ಇಲ್ಲಿಂದಲೇ ಶುರು. ಬಿಲ್ಲು ಬರೆಯುವುದು ಯಾವತ್ತೂ ಅಂಥ ಕಷ್ಟದ ಕೆಲಸ ಆಗಿರಲಿಲ್ಲ. ಕಾರ್ಬನ್ ಹಾಳೆ ಇಟ್ಟ ಬಿಲ್ ಬುಕ್ಕಿನಲ್ಲೂ ಅದು ಎರಡು ನಿಮಿಷದ ಕೆಲಸ. ಕಷ್ಟ ಇದ್ದದ್ದು ಹಳೇ ಬಿಲ್ಲು ತೆಗೆಯುವುದರಲ್ಲಿ. ಕಂಪ್ಯೂಟರು ಬಂದರೆ ಮೊದಲು ನೀಗಬೇಕಾಗಿದ್ದ ಕಷ್ಟ ಅದು. ನೀಗಿತೇ? ಪರದೆಯ ಮೂಲೆಯಲ್ಲಿ ಭೂತಗನ್ನಡಿಯ ಚಿತ್ರ ಹಾಕಿದ ಒಂದು ಪೆಟ್ಟಿಗೆ ಕೊಟ್ಟು ಕೈ ತೊಳೆದುಕೊಂಡಿದ್ದೇವೆ. ಆ ಪೆಟ್ಟಿಗೆಗೆ ಬಿಲ್ ನಂಬರನ್ನೋ, ಎಂಟ್ರಿ ಮಾಡಿದ ದಿನದ ಸ್ಪೆಲಿಂಗನ್ನೋ ಅಕ್ಷರ ತಪ್ಪದೆ ಒಪ್ಪಿಸಬೇಕು. ಒಪ್ಪಿಸಿದರೆ ಬಿಲ್ಲು, ಇಲ್ಲದಿದ್ದರೆ 'ನೋ ರಿಸಲ್ಟ್ಸ್ ಫೌಂಡ್'.

'ಕೈ ತೊಳೆದುಕೊಂಡಿದ್ದೇವೆ' ಅಂತ ಬೇಕಂತಲೇ ಬರೆದೆ. ಇದನ್ನು ಓದುತ್ತಿರುವ ನಿಮ್ಮಲ್ಲಿ ಎಷ್ಟೋ ಜನ ಎಚ್‌ಎಸ್‌ಆರ್ ಲೇಔಟಿನಲ್ಲೋ ಕೋರಮಂಗಲದಲ್ಲೋ ಕೂತು ಇಂಥದ್ದೇ ಸಾಫ್ಟ್‌ವೇರು ಬರೆಯುವವರು, ಪರೀಕ್ಷಿಸುವವರು, ಮಾರುವವರು. ನಿಮ್ಮಲ್ಲೇ ಇನ್ನೆಷ್ಟೋ ಜನರ ಅಪ್ಪನೋ ಚಿಕ್ಕಪ್ಪನೋ ಊರಿನಲ್ಲಿ ಅಂಗಡಿ ಇಟ್ಟುಕೊಂಡು ಅದೇ ಸಾಫ್ಟ್‌ವೇರಿಗೆ ವರ್ಷವರ್ಷ ದುಡ್ಡು ಕಟ್ಟುತ್ತಿದ್ದಾರೆ. ಹಾಗಾಗಿ ಇದು ಯಾರೋ ಮೂರನೆಯವರ ಮೇಲಿನ ದೂರಲ್ಲ.

ಒಂದು ಹಾರ್ಡ್‌ವೇರ್ ಅಂಗಡಿ ಅಂದುಕೊಳ್ಳಿ. ಗಿರಾಕಿ ಬಂದು ಕೇಳುವುದು ಹೀಗೆ: "ಅಣ್ಣಾ, ದಸರಾಕ್ಕೆ ಮುಂಚೆ ಒಂದ್ ಮೋಟ್ರು ತಗೊಂಡ್ ಹೋಗಿದ್ನಲ್ಲಾ, ಹದಿನೆಂಟು ಸಾವಿರ ಚಿಲ್ರೆ ಆಗಿತ್ತು. ಸುಟ್ಟೋಗಿದೆ, ವಾರಂಟಿಗೆ ಬಿಲ್ ಕೇಳ್ತಾವ್ರೆ." ಈ ಮಾತಿನಲ್ಲಿ ಎಷ್ಟು ಸುಳಿವು ಇದೆ ನೋಡಿ. ಯಾವಾಗ ಅನ್ನೋದು ಹೆಚ್ಚುಕಮ್ಮಿ ಗೊತ್ತು. ಏನು ಅನ್ನೋದು ಗೊತ್ತು. ಎಷ್ಟು ಅನ್ನೋದು ಸುಮಾರಾಗಿ ಗೊತ್ತು. ಯಾರು ಅನ್ನೋದಂತೂ ಎದುರಿಗೇ ನಿಂತಿದೆ. ಈ ನಾಲ್ಕನ್ನು ಕೂಡಿಸಿದರೆ ಇಡೀ ವರ್ಷದ ಬಿಲ್ಲುಗಳಲ್ಲಿ ಎರಡೋ ಮೂರೋ ಉಳಿಯುತ್ತವೆ. ಆದರೆ ಸಾಫ್ಟ್‌ವೇರು ಕೇಳುವುದು ಐದನೆಯದನ್ನು, ಬಿಲ್ ನಂಬರನ್ನು. ಅದು ಇರುವುದು ಗಿರಾಕಿ ಕಳೆದುಕೊಂಡಿರುವ ಚೀಟಿಯಲ್ಲಿ!

ಮನುಷ್ಯರ ನೆನಪು ಕೆಲಸ ಮಾಡುವುದೇ ಹೀಗೆ: ಸುಮಾರು, ಹೆಚ್ಚುಕಮ್ಮಿ, ಹಬ್ಬದ ಆಚೆಈಚೆ. ಹಳೇ ಕಾಲದ ಲೆಡ್ಜರು ಇದಕ್ಕೆ ಒಗ್ಗಿಕೊಂಡಿತ್ತು. ಒಬ್ಬೊಬ್ಬ ಗಿರಾಕಿಗೆ ಒಂದೊಂದು ಪುಟ, ಮುಂದೆ ಹೆಸರಿನ ಪಟ್ಟಿ, ಪಟ್ಟಿಯಲ್ಲಿ ಪುಟದ ನಂಬರು. ಯುಗಾದಿ ಎಲ್ಲಿ ಬಂತು ಅಂತ ಪುಟ ತಿರುವಿದರೆ ಗೊತ್ತಾಗುತ್ತಿತ್ತು. ಗೆದ್ದಲು ತಿಂದರೆ, ಮಳೆಗೆ ನೆನೆದರೆ ಎಲ್ಲ ಹೋಯಿತು ಅನ್ನೋದೂ ನಿಜ, ಲೆಡ್ಜರಿಗೆ ವಾಪಸ್ ಹೋಗೋಣ ಅಂತ ನಾನು ಹೇಳುತ್ತಿಲ್ಲ. ಲೆಡ್ಜರಿನಷ್ಟಾದರೂ ಬುದ್ಧಿ ಸಾಫ್ಟ್‌ವೇರಿಗೆ ಇರಲಿ ಅನ್ನುತ್ತಿದ್ದೇನೆ.

ಮೊದಲು ಹೆಸರಿನ ಗೋಳು ಕೇಳಿ. ನಮ್ಮ ಅಂಗಡಿಗಳ ಬಹುಪಾಲು ಬಿಲ್ಲುಗಳಲ್ಲಿ ಕನ್ನಡದ ಹೆಸರುಗಳು ಇಂಗ್ಲಿಷ್ ಅಕ್ಷರ ತೊಟ್ಟು ಕೂತಿವೆ. 'ಲಕ್ಷ್ಮಿ'ಯನ್ನು ಒಬ್ಬರು ನಡುವೆ ಕೆ, ಎಸ್, ಎಚ್ ಹಾಕಿ ಬರೆದರೆ ಇನ್ನೊಬ್ಬರು ಒಂದು ಎಕ್ಸ್ ಹಾಕಿ ಮುಗಿಸುತ್ತಾರೆ. 'ಶ್ರೀ'ಗೆ ಎಸ್, ಆರ್, ಐ ಸಾಕು ಅನ್ನುವವರಿದ್ದಾರೆ. ನಡುವೆ ಎಚ್ ಬೇಕು ಅನ್ನುವವರಿದ್ದಾರೆ. ಕೊನೆಗೆ ಎರಡು ಇ ಇಲ್ಲದೆ ದೇವರೇ ಒಪ್ಪಲ್ಲ ಅನ್ನುವವರೂ ಇದ್ದಾರೆ. 'ಗೌಡ'ರಲ್ಲಿ ಡಬ್ಲ್ಯೂ ಗೌಡರು ಬೇರೆ, ಯು ಗೌಡರು ಬೇರೆ. 'ಮಂಜುನಾಥ'ನ ಕೊನೆಗೆ ಎ ಇದೆಯೋ ಇಲ್ಲವೋ ಅಂತ ಮಂಜುನಾಥನಿಗೇ ಖಾತ್ರಿ ಇಲ್ಲ, ಪ್ಯಾನ್ ಕಾರ್ಡಿನಲ್ಲಿ ಒಂದು ಥರ, ಅಂಗಡಿ ಬೋರ್ಡಿನ ಮೇಲೆ ಇನ್ನೊಂದು ಥರ. ಇನಿಶಿಯಲ್ಲು ಮುಂದೆಯೋ ಹಿಂದೆಯೋ, ನಡುವೆ ಚುಕ್ಕಿ ಇದೆಯೋ ಇಲ್ಲವೋ? ಎಸ್. ಆರ್. ಮಂಜುನಾಥ್ ಮತ್ತು ಮಂಜುನಾಥ್ ಎಸ್ ಆರ್ ಒಬ್ಬನೇ ಅಂತ ಅಂಗಡಿ ಹುಡುಗನಿಗೆ ಗೊತ್ತು. ಸಾಫ್ಟ್‌ವೇರಿಗೆ ಗೊತ್ತಿಲ್ಲ.

"ಅದಕ್ಕೇ ಎಂಟ್ರಿ ಮಾಡುವಾಗಲೇ ಸರಿಯಾಗಿ ಮಾಡ್ಬೇಕು" ಅಂತ ನಿಮ್ಮ ಆಫೀಸಿನಲ್ಲಿ ಯಾರೋ ಹೇಳಿಯೇ ಹೇಳುತ್ತಾರೆ. ಕೌಂಟರಿನ ಮುಂದೆ ಐದು ಜನ ನಿಂತಿರುವಾಗ, ಆಟೋದವನು ಹೊರಗೆ ಹಾರನ್ ಹೊಡೆಯುತ್ತಿರುವಾಗ ಮಾಡಿದ ಎಂಟ್ರಿ ಅದು. ಮಾಡಿದ ಹುಡುಗ ಕೆಲಸ ಬಿಟ್ಟು ಹೋಗಿ ವರ್ಷ ಆಗಿರಬಹುದು. ಅದಕ್ಕಿಂತ ಮುಖ್ಯವಾಗಿ, ಈ ವಾದ ಗಾಡಿಯನ್ನು ಎತ್ತಿನ ಮುಂದೆ ಕಟ್ಟುತ್ತದೆ. ಎಂಟ್ರಿ ಕೆಟ್ಟಿರುವುದರಿಂದ ಹುಡುಕಾಟ ಕೆಡುತ್ತದೆ ಅನ್ನೋದು ಅರ್ಧ ಸತ್ಯ. ಉಳಿದರ್ಧ ಏನು ಗೊತ್ತೇ? ಹುಡುಕಾಟ ಕೆಟ್ಟಿರುವುದರಿಂದಲೇ ಎಂಟ್ರಿ ಕೆಡುತ್ತದೆ.

ಹೇಗೆ ಅಂತೀರಾ? ಹುಡುಗ 'ಲಕ್ಷ್ಮಿ ಟ್ರೇಡರ್ಸ್' ಅಂತ ತನಗೆ ತೋಚಿದ ಸ್ಪೆಲಿಂಗಿನಲ್ಲಿ ಹುಡುಕುತ್ತಾನೆ. ಸಾಫ್ಟ್‌ವೇರು 'ಇಲ್ಲ' ಅನ್ನುತ್ತದೆ, ಪಕ್ಕದಲ್ಲೇ 'ಹೊಸ ಪಾರ್ಟಿ ಸೇರಿಸಿ' ಅಂತ ದೊಡ್ಡ ಬಟನ್ನು ತೋರಿಸುತ್ತದೆ. ಅವನು ಒತ್ತುತ್ತಾನೆ. ಮುಂದಿನ ತಿಂಗಳು ಇನ್ನೊಬ್ಬ ಹುಡುಗ, ಇನ್ನೊಂದು ಸ್ಪೆಲಿಂಗು, ಇನ್ನೊಂದು ಪಾರ್ಟಿ. ವರ್ಷದ ಕೊನೆಗೆ ಒಬ್ಬಳೇ ಲಕ್ಷ್ಮಿ ಮೂರು ಖಾತೆಗಳಲ್ಲಿ ಕೂತಿರುತ್ತಾಳೆ. ಒಂದು ಖಾತೆಯಲ್ಲಿ ನಲವತ್ತು ಸಾವಿರ ಬಾಕಿ, ಇನ್ನೊಂದರಲ್ಲಿ ಅವರು ಕಟ್ಟಿದ ಮೂವತ್ತು ಸಾವಿರ ಅಡ್ವಾನ್ಸು, ಮೂರನೆಯದರಲ್ಲಿ ಸೊನ್ನೆ. ಸಾಫ್ಟ್‌ವೇರು ನಲವತ್ತು ಸಾವಿರಕ್ಕೂ ಸೇರಿಸಿ ವಾಟ್ಸಾಪ್ ರಿಮೈಂಡರು ಕಳಿಸುತ್ತದೆ. ಹತ್ತು ವರ್ಷದ ಗಿರಾಕಿ ಫೋನು ಮಾಡಿ, "ಏನ್ರೀ, ನಮ್ ಮೇಲೆ ನಂಬಿಕೆ ಇಲ್ವಾ?" ಅಂತಾರೆ. ಈ ಮಾತಿನ ಬೆಲೆಯನ್ನು ಯಾವ ಡ್ಯಾಶ್‌ಬೋರ್ಡಿನಲ್ಲಿ ತೋರಿಸುತ್ತೀರಿ?

ಇದು ಯಾರಿಗೂ ಬಿಡಿಸಲಾಗದ ಕಗ್ಗಂಟೇನಲ್ಲ. ಅಮೆರಿಕದ ರಾಬರ್ಟ್ ರಸೆಲ್ ಅನ್ನುವವರು ಸದ್ದಿನ ಪ್ರಕಾರ ಹೆಸರುಗಳನ್ನು ಜೋಡಿಸುವ ವಿಧಾನಕ್ಕೆ ಪೇಟೆಂಟ್ ಪಡೆದದ್ದು 1918ರಲ್ಲಿ. ಸೌಂಡೆಕ್ಸ್ ಅಂತ ಹೆಸರು. ಈಗ ಬಳಕೆಯಲ್ಲಿರುವ ರೂಪದಲ್ಲಿ ಅದರ ನಿಯಮ ಇಷ್ಟೇ: ಹೆಸರಿನ ಮೊದಲ ಅಕ್ಷರ ಇಟ್ಟುಕೊಳ್ಳಿ, ಉಳಿದ ಸ್ವರಗಳನ್ನು ಬಿಡಿ, ಹತ್ತಿರದ ಸದ್ದಿನ ವ್ಯಂಜನಗಳಿಗೆ ಒಂದೇ ಅಂಕಿ ಕೊಡಿ, ಮೂರು ಅಂಕಿಗೆ ನಿಲ್ಲಿಸಿ. 1930ರ ದಶಕದಲ್ಲಿ ಅಮೆರಿಕದಲ್ಲಿ ಹಳೆಯ ಜನಗಣತಿಯ ಹೆಸರುಗಳನ್ನು ಈ ವಿಧಾನದಲ್ಲಿ ಕಾರ್ಡುಗಳಿಗೆ ಇಳಿಸಿದರು. ಜನನ ಪತ್ರ ಇಲ್ಲದ ಮುದುಕರು ಪಿಂಚಣಿಗಾಗಿ ತಮ್ಮ ವಯಸ್ಸನ್ನು ಸಾಬೀತು ಮಾಡಬೇಕಿತ್ತು. ಗಣತಿಯವನು ಹೆಸರಿನ ಸ್ಪೆಲಿಂಗನ್ನು ಹೇಗೋ ಬರೆದುಕೊಂಡಿದ್ದರೂ ಅವರ ಹೆಸರು ಸಿಗಬೇಕಿತ್ತು. ಕಂಪ್ಯೂಟರೇ ಇಲ್ಲದ ಕಾಲದಲ್ಲಿ, ರಟ್ಟಿನ ಕಾರ್ಡುಗಳಲ್ಲಿ ಮಾಡಿದ ಕೆಲಸ ಇದು.

ಈಗ ನಮ್ಮ ಹೆಸರುಗಳನ್ನು ಅದಕ್ಕೆ ಹಾಕಿ ನೋಡಿ. ಕೆ-ಎಸ್-ಎಚ್ ಲಕ್ಷ್ಮಿಯ ಕೋಡು ಎಲ್250. ಎಕ್ಸ್ ಲಕ್ಷ್ಮಿಯ ಕೋಡೂ ಎಲ್250. ಮೂರೂ ಬಗೆಯ ಶ್ರೀಗೆ ಎಸ್600. ಎರಡೂ ಗೌಡರಿಗೆ ಜಿ300. ಹುಬ್ಳಿಗೂ ಹುಬ್ಬಳ್ಳಿಗೂ ಎಚ್140. ನಮ್ಮ ಭಾಷೆಯ ಗಂಧಗಾಳಿ ಇಲ್ಲದ, ನೂರು ವರ್ಷ ದಾಟಿದ ವಿಧಾನಕ್ಕೆ ತಿಳಿಯುವಷ್ಟು ಕೂಡ ನಮ್ಮೂರಿನ ಸಾಫ್ಟ್‌ವೇರಿಗೆ ತಿಳಿಯಲ್ಲ ಅಂದರೆ ಅದನ್ನು ತಂತ್ರಜ್ಞಾನದ ಮಿತಿ ಅಂತ ಕರೆಯಬೇಡಿ. ಅಸಡ್ಡೆ ಅನ್ನಿ.

ಹಾಗಂತ ಸೌಂಡೆಕ್ಸೇ ಸಾಕು ಅಂತಲ್ಲ. ಮೊದಲ ಅಕ್ಷರ ಬದಲಾದರೆ ಅದು ಕೈ ಚೆಲ್ಲುತ್ತದೆ. ವೆಂಕಟೇಶನನ್ನು ಒಬ್ಬರು ವಿ ಇಂದ, ಇನ್ನೊಬ್ಬರು ಡಬ್ಲ್ಯೂ ಇಂದ ಶುರು ಮಾಡಿದರೆ ಎರಡು ಬೇರೆ ಮನುಷ್ಯರಾಗುತ್ತಾರೆ. ಮೂರು ಅಂಕಿಗೆ ನಿಲ್ಲುವುದರಿಂದ ಬಸವರಾಜ್, ಬಸವರಾಜು, ಬಸವರಾಜಪ್ಪ ಮೂವರಿಗೂ ಬಿ216 ಅನ್ನುತ್ತದೆ. ಮೊದಲಿಬ್ಬರು ಒಬ್ಬರೇ ಇರಬಹುದು, ಮೂರನೆಯವರು ಖಂಡಿತಾ ಬೇರೆ. ಆದ್ದರಿಂದ ಅದರ ಜೊತೆಗೆ ಇನ್ನೆರಡು ಸಾಮಾನು ಬೇಕು. ಒಂದು, ಎರಡು ಪದಗಳ ನಡುವೆ ಎಷ್ಟು ಅಕ್ಷರದ ವ್ಯತ್ಯಾಸ ಇದೆ ಅಂತ ಎಣಿಸುವ ಲೆಕ್ಕ. ಸೋವಿಯತ್ ಗಣಿತಜ್ಞ ಲೆವೆನ್‌ಸ್ಟೈನ್ 1965ರಲ್ಲೇ ಕೊಟ್ಟದ್ದು, ನಿಮ್ಮಲ್ಲಿ ಎಷ್ಟೋ ಜನ ಇಂಟರ್‌ವ್ಯೂಗಾಗಿ ಬಾಯಿಪಾಠ ಮಾಡಿದ್ದು. ಇಂಟರ್‌ವ್ಯೂ ಪಾಸಾಗಲು ಬೇಕಾದ ವಿದ್ಯೆ, ಕೆಲಸಕ್ಕೆ ಸೇರಿದ ಮೇಲೆ ಯಾಕೆ ಬೇಡವಾಯಿತು? ಎರಡು, ಊರು ಮತ್ತು ವಸ್ತುಗಳ ಅಡ್ಡಹೆಸರುಗಳ ಒಂದು ಪಟ್ಟಿ.

ಪಟ್ಟಿ ಯಾಕೆ ಬೇಕು ಅಂದರೆ, 2014ರ ನವೆಂಬರ್ 1ರಂದು ನಮ್ಮ 12 ಊರುಗಳ ಇಂಗ್ಲಿಷ್ ಹೆಸರು ಬದಲಾಯಿತು. ಶಿವಮೊಗ್ಗ, ತುಮಕೂರಿನಂಥವನ್ನು ಸದ್ದಿನ ಲೆಕ್ಕದಲ್ಲಿ ಹಿಡಿಯಬಹುದೇನೋ. ಆದರೆ ಗುಲ್ಬರ್ಗ-ಕಲಬುರಗಿ, ಬಿಜಾಪುರ-ವಿಜಯಪುರ? ಸೌಂಡೆಕ್ಸಿನ ಸೂತ್ರ ಇವನ್ನು ಒಂದು ಮಾಡುವುದಿಲ್ಲ. ಯಾರಾದರೂ ಕೂತು ಬರೆಯಬೇಕು. ಹನ್ನೆರಡು ಸಾಲಿನ ಪಟ್ಟಿ, ಒಂದು ಟೀ ಕುಡಿಯುವಷ್ಟು ಹೊತ್ತಿನ ಕೆಲಸ. ವಸ್ತುಗಳದ್ದೂ ಇದೇ ಕಥೆ. ಪ್ಲಂಬರ್ ಕೇಳುವುದು ಅರ್ಧ ಇಂಚಿನ ಪೈಪು. ಕಂಪನಿ ಕ್ಯಾಟಲಾಗಿನಲ್ಲಿ ಅದು 15 ಎಂಎಂ. ಬಿಲ್ಲಿನಲ್ಲಿ ಒಂದು ಸಲ 1/2 ಅಂತ, ಇನ್ನೊಂದು ಸಲ 'ಹಾಫ್' ಅಂತ. ಮುಕ್ಕಾಲು ಇಂಚು ಅಂದರೆ 20 ಎಂಎಂ ಅಂತ ಗೊತ್ತಿಲ್ಲದ ಹುಡುಗನನ್ನು ಯಾವ ಹಾರ್ಡ್‌ವೇರ್ ಅಂಗಡಿಯವನೂ ಕೌಂಟರಿನಲ್ಲಿ ನಿಲ್ಲಿಸುವುದಿಲ್ಲ. ಗೊತ್ತಿಲ್ಲದ ಸಾಫ್ಟ್‌ವೇರಿಗೆ ಮಾತ್ರ ಸಬ್‌ಸ್ಕ್ರಿಪ್ಶನ್ ಕಟ್ಟಬೇಕು.

ಇನ್ನು ಕನ್ನಡದಲ್ಲೇ ಬಿಲ್ಲು ಬರೆಯುವವರ ಪಾಡು. ಕನ್ನಡ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ, 1991ರಲ್ಲೇ ಇತ್ತು. ಆದರೂ ಹಳೇ ಫಾಂಟಿನಲ್ಲಿ ಟೈಪು ಮಾಡಿದ ಪಾರ್ಟಿ ಪಟ್ಟಿಗಳು ಇವತ್ತಿಗೂ ಎಷ್ಟೋ ಕಡೆ ಓಡಾಡುತ್ತಿವೆ. ಅವು ಪರದೆಯ ಮೇಲೆ ಕನ್ನಡದ ಹಾಗೆ ಕಾಣುತ್ತವೆ, ಒಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಯೂನಿಕೋಡಿನಲ್ಲೂ 'ಕೊ' ಅನ್ನುವ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ತುಂಡಾಗಿಯೂ ಇಡಬಹುದು, ಎರಡು ತುಂಡಾಗಿಯೂ ಇಡಬಹುದು. 'ರಾಜ್‌ಕುಮಾರ್' ಅಂತ ಬಿಡಿಸಿ ಬರೆಯುವಾಗ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಕೂತಿರುತ್ತದೆ. ೨೧೪ ಮತ್ತು 214 ಒಂದೇ ಸಂಖ್ಯೆ ಅಂತ ಒಂದನೇ ಕ್ಲಾಸಿನ ಮಗುವಿಗೆ ಗೊತ್ತು. ಹುಡುಕುವ ಮುಂಚೆ ಇವನ್ನೆಲ್ಲ ಒಂದೇ ರೂಪಕ್ಕೆ ತರುವುದು ಹೊಸ ಸಂಶೋಧನೆಯಲ್ಲ. ಯೂನಿಕೋಡ್ ಅಚ್ಚುಕಟ್ಟಾಗಿ ನಿಯಮ ಬರೆದಿಟ್ಟಿದೆ, ಬಹುತೇಕ ಎಲ್ಲ ಪ್ರೋಗ್ರಾಮಿಂಗ್ ಭಾಷೆಗಳಲ್ಲೂ ಅದಕ್ಕೆ ಸಿದ್ಧ ಸಲಕರಣೆ ಇದೆ. ಕರೆಯಬೇಕು, ಅಷ್ಟೇ.

ಹೆಸರು ಬಿಟ್ಟು ಮೊತ್ತಕ್ಕೆ ಬರೋಣ. ಇದು ಅಂಗಡಿಯವರ ತಾಪತ್ರಯ ಮಾತ್ರ ಅಲ್ಲ. ಫ್ರೀಲಾನ್ಸ್ ಡಿಸೈನ್ ಮಾಡುವವರು, ಕನ್ಸಲ್ಟಿಂಗ್ ಮಾಡುವವರು ನಮ್ಮಲ್ಲೇ ಇದ್ದಾರಲ್ಲ, ಅವರದ್ದೂ ಹೌದು. ಒಂದು ಲಕ್ಷದ ಕೆಲಸ ಮಾಡಿದಿರಿ. ಶೇ. 18 ಜಿಎಸ್‌ಟಿ ಸೇರಿ ಬಿಲ್ಲು 1,18,000. ಕ್ಲೈಂಟು ಒಂದು ಲಕ್ಷದ ಮೇಲೆ ಶೇ. 10 ಟಿಡಿಎಸ್ ಹಿಡಿದು ಬ್ಯಾಂಕಿಗೆ ಹಾಕುವುದು 1,08,000. ನಿಮ್ಮ ಮನಸ್ಸಿನಲ್ಲಿರುವುದು ಒಂದು ಲಕ್ಷ, ಬಿಲ್ಲಿನಲ್ಲಿರುವುದು 1,18,000, ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿರುವುದು 1,08,000. ಮೂರೂ ಒಂದೇ ಬಿಲ್ಲು. ಸ್ಟೇಟ್‌ಮೆಂಟು ನೋಡಿಕೊಂಡು 1,08,000 ಅಂತ ಹುಡುಕಿದರೆ ಉತ್ತರ: ಇಲ್ಲ. ಕೆಲವದರಲ್ಲಿ ಅಂಕಿಗಳ ನಡುವಿನ ಅಲ್ಪವಿರಾಮ ಹಾಕಿದರೂ ಇಲ್ಲ, ತೆಗೆದರೂ ಇಲ್ಲ. ತೆರಿಗೆ ಲೆಕ್ಕ ಹಾಕುವುದೇ ಕಸುಬಾಗಿರುವ ಸಾಫ್ಟ್‌ವೇರಿಗೆ ಈ ಕೂಡಿಸಿ ಕಳೆಯುವ ಲೆಕ್ಕ ಬರಲ್ಲ ಅಂದರೆ ಹೇಗೆ?

ಅಥವಾ ಗಿರಾಕಿ 68,000 ಕಳಿಸಿದ್ದಾನೆ. ಆ ಮೊತ್ತದ ಬಿಲ್ಲೇ ಇಲ್ಲ. ಅವನು ಕಟ್ಟಿದ್ದು 42,300, 18,650, 7,050ರ ಮೂರು ಬಿಲ್ಲುಗಳನ್ನು ಸೇರಿಸಿ. ಒಬ್ಬ ಗಿರಾಕಿಯ ಇಪ್ಪತ್ತು ಬಾಕಿ ಬಿಲ್ಲುಗಳನ್ನು ಸಾಧ್ಯವಿರುವಷ್ಟು ರೀತಿಯಲ್ಲಿ ಕೂಡಿಸಿ ನೋಡಿದರೂ ಹತ್ತು ಲಕ್ಷ ಚಿಲ್ಲರೆ ಜೋಡಣೆಗಳಾಗುತ್ತವೆ, ಫೋನಿಗೆ ಅದು ಚಿಟಿಕೆ ಹೊಡೆಯುವಷ್ಟು ಹೊತ್ತಿನ ಕೆಲಸ. ಈಗ ಅದನ್ನು ಮಾಡುತ್ತಿರುವುದು ರಾತ್ರಿ ಒಂಬತ್ತಕ್ಕೆ ಶಟರ್ ಎಳೆದ ಮೇಲೆ ಕ್ಯಾಲ್ಕುಲೇಟರ್ ಹಿಡಿದು ಕೂತ ಮನುಷ್ಯ.

ನಂಬರಿನಲ್ಲಾದರೂ ನೆಮ್ಮದಿ ಇದೆಯೇ? ಜಿಎಸ್‌ಟಿ ನಿಯಮದ ಪ್ರಕಾರ ಬಿಲ್ ನಂಬರು 16 ಅಕ್ಷರ ಮೀರಬಾರದು, ಒಂದು ಹಣಕಾಸು ವರ್ಷದೊಳಗೆ ಮತ್ತೆ ಬರಬಾರದು. ಅಂದರೆ ವರ್ಷ ಬದಲಾದರೆ ಅದೇ ನಂಬರು ಮತ್ತೆ ಬರಬಹುದು. ಮನುಷ್ಯ "214ನೇ ಬಿಲ್ಲು" ಅಂತಾನೆ, ಸಾಫ್ಟ್‌ವೇರಿನಲ್ಲಿ ಅದು ಅಂಗಡಿಯ ಇನಿಶಿಯಲ್ಲು, ಅಡ್ಡಗೆರೆ, ವರ್ಷ, ಅಡ್ಡಗೆರೆ, 0214. ಮುಂದಿನ ಸೊನ್ನೆ ಬಿಟ್ಟರೆ ಸಿಗಲ್ಲ. ಏಪ್ರಿಲ್ 1 ಬಂತೋ, ಕೆಲವು ಸಾಫ್ಟ್‌ವೇರುಗಳಲ್ಲಿ ಹಳೇ ವರ್ಷದ ಬಿಲ್ಲುಗಳೆಲ್ಲ ಬೇರೆ ಕೋಣೆಗೆ ಹೋಗಿ ಬೀಗ ಬೀಳುತ್ತದೆ. ಏಪ್ರಿಲ್ 5ರಂದು ಮಾರ್ಚ್ 28ರ ಬಿಲ್ಲು ಹುಡುಕಿದರೆ 'ಇಲ್ಲ'. ಇದೆ ಸ್ವಾಮಿ, ನೀನು ನೋಡಿಲ್ಲ ಅಷ್ಟೇ! 'ನಾನು ಈ ವರ್ಷದಲ್ಲಿ ಮಾತ್ರ ನೋಡಿದೆ, ಹಿಂದಿನ ವರ್ಷದಲ್ಲೂ ನೋಡಲೇ?' ಅಂತ ಒಂದು ಸಾಲು ಬರೆಯಲು ಏನು ಕಷ್ಟ? ನೋಡದೇ ಇದ್ದದ್ದನ್ನು ಇಲ್ಲ ಅನ್ನುವುದಕ್ಕೆ ನಮ್ಮ ಭಾಷೆಯಲ್ಲಿ ಸುಳ್ಳು ಅಂತಲೇ ಹೆಸರು.

'ಇಷ್ಟಕ್ಕೆಲ್ಲ ಇಷ್ಟು ಕೂಗಾಟವೇ' ಅಂತ ಅನ್ನಿಸಿದರೆ, ಸಿಗದ ಬಿಲ್ಲಿನ ಬೆಲೆ ಎಷ್ಟು ಅಂತ ಲೆಕ್ಕ ಹಾಕೋಣ. ಪೀಣ್ಯದಲ್ಲಿ ಲೇತ್ ಇಟ್ಟುಕೊಂಡು ದೊಡ್ಡ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುವ ಸಣ್ಣ ಘಟಕಕ್ಕೆ 2006ರ ಎಂಎಸ್‌ಎಂಇಡಿ ಕಾಯ್ದೆ ಒಂದು ಹಕ್ಕು ಕೊಟ್ಟಿದೆ. ಒಪ್ಪಂದ ಏನೇ ಇರಲಿ, ಸರಕು ಒಪ್ಪಿಕೊಂಡ 45 ದಿನದೊಳಗೆ ದುಡ್ಡು ಬರಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ಕೇಳಲು ಎಷ್ಟು ಚಂದ. ಕೇಳಬೇಕಾದರೆ ಯಾವ ಬಿಲ್ಲು, ಯಾವ ದಿನದ್ದು, ಯಾವ ಡೆಲಿವರಿ ಚಲನ್ನಿನದ್ದು ಅಂತ ಕೈಯಲ್ಲಿ ಹಿಡಿದು ತೋರಿಸಬೇಕು. 'ಈ ಕಂಪನಿಯದ್ದು, 45 ದಿನ ದಾಟಿದ್ದು, ಪೂರ್ತಿ ಬರದೇ ಇರೋದು' ಅಂತ ಕೇಳಿದರೆ ಪಟ್ಟಿ ಬರದ ಸಾಫ್ಟ್‌ವೇರು ಆ ಹಕ್ಕನ್ನು ಕಾಗದದ ಮೇಲೇ ಉಳಿಸುತ್ತದೆ.

ಇನ್ನೊಂದು ಕಡೆ ಜಿಎಸ್‌ಟಿ. ನೀವು ಮಾಡಿದ ಬಿಲ್ಲು ನಿಮ್ಮ ರಿಟರ್ನಿನಲ್ಲಿ ಸರಿಯಾಗಿ ಹೋಗದಿದ್ದರೆ ಕೊಂಡವನ 2ಬಿ ಯಲ್ಲಿ ಕಾಣುವುದಿಲ್ಲ. ಕಾಣದಿದ್ದರೆ ಅವನಿಗೆ ಇನ್‌ಪುಟ್ ಕ್ರೆಡಿಟ್ ಇಲ್ಲ. ಆ ಕ್ರೆಡಿಟ್ ತೆಗೆದುಕೊಳ್ಳಲು ಸಾಮಾನ್ಯವಾಗಿ ಮುಂದಿನ ನವೆಂಬರ್ 30ರವರೆಗೆ ಗಡುವು, ಅದಕ್ಕೂ ಮುಂಚೆ ವಾರ್ಷಿಕ ರಿಟರ್ನ್ ಹಾಕಿದ್ದರೆ ಅವತ್ತಿಗೇ ಮುಗಿಯಿತು. ಹಾಗಾಗಿ ನವೆಂಬರ್ ಬಂತೆಂದರೆ ಫೋನುಗಳು ಶುರು: "ಸಾರ್, ಹೋದ್ ವರ್ಷದ್ದು ನಿಮ್ದೊಂದ್ ಬಿಲ್ಲು ಕಾಣ್ತಿಲ್ಲ, ಸ್ವಲ್ಪ ನೋಡಿ." ನೋಡಿ ಹೇಳಲು ಮೂರು ದಿನ ತೆಗೆದುಕೊಂಡರೆ ಗಿರಾಕಿ ತನ್ನ ದುಡ್ಡು ಕಳೆದುಕೊಳ್ಳುತ್ತಾನೆ, ನೀವು ಗಿರಾಕಿಯನ್ನು ಕಳೆದುಕೊಳ್ಳುತ್ತೀರಿ. ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು ಇಟ್ಟುಕೊಂಡಿರಬೇಕು ಅನ್ನುತ್ತದೆ ಕಾನೂನು. ಆರು ವರ್ಷದ ಬಿಲ್ಲು ಡಿಸ್ಕಿನಲ್ಲಿ ಇದ್ದೂ ಕೇಳಿದಾಗ ಕೈಗೆ ಬರದಿದ್ದರೆ, ಅಧಿಕಾರಿಯ ಮುಂದೆ ಅದು ಇಲ್ಲದ ಹಾಗೆಯೇ.

2025ರ ಜುಲೈ ನೆನಪಿದೆಯಲ್ಲ? ಯುಪಿಐ ವಹಿವಾಟು ನೋಡಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿತು, ಬೆಂಗಳೂರಿನ ಅಂಗಡಿಗಳ ಮುಂದೆ 'ನೋ ಯುಪಿಐ, ಓನ್ಲಿ ಕ್ಯಾಶ್' ಬೋರ್ಡುಗಳು ಬಿದ್ದವು. ಆ ನೋಟಿಸುಗಳ ಸರಿತಪ್ಪಿನ ಚರ್ಚೆ ಬೇರೆ. ಆದರೆ ಅವತ್ತು ಪ್ರತಿಯೊಬ್ಬ ವ್ಯಾಪಾರಿ ಉತ್ತರಿಸಬೇಕಾಗಿ ಬಂದ ಪ್ರಶ್ನೆ ಗಮನಿಸಿ: ಹಿಂದಿನ ವರ್ಷಗಳಲ್ಲಿ ಬಂದ ಈ ದುಡ್ಡಿನಲ್ಲಿ ತೆರಿಗೆ ಇಲ್ಲದ ಹಾಲು, ತರಕಾರಿಯದ್ದೆಷ್ಟು, ತೆರಿಗೆ ಇರುವ ಸಾಮಾನಿನದ್ದೆಷ್ಟು, ಸಾಲ ವಾಪಸ್ ಬಂದದ್ದೆಷ್ಟು? ಅದು ಹುಡುಕಾಟದ ಪ್ರಶ್ನೆ. ಉತ್ತರ ತೆಗೆದುಕೊಡಲು ಆಗದವನಿಗೆ ಉಳಿದದ್ದು ಭಯ.

ಈಗ ನಿಮ್ಮ ಕಡೆಯ ವಾದಗಳಿಗೆ ಬರೋಣ. ಮೊದಲನೆಯದು, "ಯೂಸರ್ಸ್ ಯಾರೂ ಸರ್ಚ್ ಕೇಳ್ತಿಲ್ಲ, ಡೇಟಾದಲ್ಲೂ ಯೂಸೇಜ್ ಕಮ್ಮಿ." ಅವರು 'ಸರ್ಚ್ ಚೆನ್ನಾಗಿಲ್ಲ' ಅಂತ ಹೇಳಲ್ಲ. 'ನಮ್ ಬಿಲ್ಲು ಕಳೆದೋಗಿದೆ' ಅಂತ ಸಪೋರ್ಟಿಗೆ ಫೋನು ಮಾಡ್ತಾರೆ. ನೀವು ಡೇಟಾ ಇದೆ ಅಂತ ಖಾತ್ರಿ ಮಾಡಿಕೊಂಡು 'ಯೂಸರ್ ಎರರ್' ಅಂತ ಟಿಕೆಟ್ ಮುಚ್ತೀರಿ. ಬಳಕೆ ಕಮ್ಮಿ ಇರೋದು ನಿಜ. ಮೂರು ಸಲ 'ಇಲ್ಲ' ಅನ್ನಿಸಿಕೊಂಡ ಮನುಷ್ಯ ನಾಲ್ಕನೇ ಸಲ ಆ ಪೆಟ್ಟಿಗೆ ಮುಟ್ಟಲ್ಲ. ಬಿಲ್ಲು ಕಳಿಸಿದ ವಾಟ್ಸಾಪ್ ಚಾಟಿಗೆ ಹೋಗಿ ಮೇಲೆ ಮೇಲೆ ಎಳೆದು ಪಿಡಿಎಫ್ ಹುಡುಕುತ್ತಾನೆ. ನಲ್ಲಿಯಲ್ಲಿ ನೀರು ಬರದ ಬೀದಿಯಲ್ಲಿ ಯಾರೂ ನಲ್ಲಿ ತಿರುಗಿಸಲ್ಲ ಅಂತ, ಅವರಿಗೆ ನೀರು ಬೇಡ ಅನ್ನುವುದೇ?

ಎರಡನೆಯದು, "ಇದೆಲ್ಲ ಹೆವಿ ಆಗುತ್ತೆ, ಸ್ಲೋ ಆಗುತ್ತೆ." ದಿನಕ್ಕೆ ಐವತ್ತು ಬಿಲ್ಲು ಮಾಡುವ ಅಂಗಡಿ ವರ್ಷಕ್ಕೆ 300 ದಿನ ತೆರೆದರೆ 15,000 ಬಿಲ್ಲು. ಆರು ವರ್ಷಕ್ಕೆ 90,000. ಇವತ್ತಿನ ಫೋನಿಗೆ ಇದು ಕೈಬೆರಳಲ್ಲಿ ಎಣಿಸುವ ಲೆಕ್ಕ. ಆಂಡ್ರಾಯ್ಡ್ ಫೋನುಗಳಲ್ಲಿ ಮೊದಲಿಂದಲೂ ಇರುವ ಎಸ್‌ಕ್ಯೂಲೈಟ್‌ನಲ್ಲೇ ಪದ ಹುಡುಕುವ ಸೌಲಭ್ಯ ಇದೆ. ಸರ್ವರಿನಲ್ಲಿ ಪೋಸ್ಟ್‌ಗ್ರೆಸ್ ಇಟ್ಟುಕೊಂಡಿದ್ದರೆ ಮೂರು ಮೂರು ಅಕ್ಷರದ ತುಂಡು ಮಾಡಿ ಹೋಲಿಸುವ ಟ್ರೈಗ್ರಾಂ ಸೌಲಭ್ಯ ಪುಕ್ಕಟೆ ಸಿಗುತ್ತದೆ. ದುಡ್ಡೂ ಬೇಡ, ದೊಡ್ಡ ಟೀಮೂ ಬೇಡ.

ಮೂರನೆಯದು ಈಚಿನ ಫ್ಯಾಶನ್ನು: "ಎಐ ಚಾಟ್ ಹಾಕ್ತೀವಿ, ಅದೇ ಹುಡುಕಿಕೊಡುತ್ತೆ." ಹಾಕಿ, ಬೇಡ ಅನ್ನಲ್ಲ. 'ದಸರಾಕ್ಕೆ ಮುಂಚೆ, ಮೋಟ್ರು, ಹದಿನೆಂಟು ಸಾವಿರ ಚಿಲ್ಲರೆ' ಅನ್ನುವ ಮಾತನ್ನು ದಿನಾಂಕ, ವಸ್ತು, ಮೊತ್ತ ಅಂತ ಬಿಡಿಸಿಕೊಡಲು ಅದು ಒಳ್ಳೆಯ ಸಹಾಯ. ಆದರೆ ಹೇಗೆ ಬಿಡಿಸಿಕೊಂಡಿತು ಅಂತ ಪರದೆಯ ಮೇಲೆ ತೋರಿಸಲಿ, ತಿದ್ದಲು ಬಿಡಲಿ, ಕೊನೆಗೆ ಅಸಲಿ ಬಿಲ್ಲುಗಳ ಪಟ್ಟಿಯನ್ನೇ ಮುಂದಿಡಲಿ. ಬಿಲ್ಲು ಅನ್ನೋದು ಸಾಕ್ಷಿ. ಸಾಕ್ಷಿಯನ್ನು ಚೆಂದವಾಗಿ ಮಾತಾಡುವ ಮಧ್ಯವರ್ತಿಯ ಬಾಯಿಂದ ಕೇಳಿ ಒಪ್ಪಿಕೊಳ್ಳಲು ಆಗಲ್ಲ. ತಳದ ಹುಡುಕಾಟ ಕುಂಟಾಗಿದ್ದರೆ ಅದರ ಮೇಲೆ ಕೂತ ಎಐ ಕೂಡ ಕುಂಟುತ್ತದೆ, ಇನ್ನಷ್ಟು ಆತ್ಮವಿಶ್ವಾಸದಿಂದ.

ನಾಲ್ಕನೆಯ ವಾದ ಒಂದಿದೆ, ಅದರಲ್ಲಿ ಮಾತ್ರ ತೂಕ ಇದೆ. "ಸಡಿಲ ಬಿಟ್ಟರೆ ತಪ್ಪು ಪಾರ್ಟಿ ಬರಲ್ವಾ? ಬಸವರಾಜನ ಬಿಲ್ಲು ಬಸವರಾಜಪ್ಪನಿಗೆ ಹೋದರೆ?" ಸರಿಯಾದ ಭಯ. ಅದಕ್ಕೆ ಪರಿಹಾರ, ಹುಡುಕುವುದನ್ನೂ ತೀರ್ಮಾನಿಸುವುದನ್ನೂ ಬೇರೆ ಬೇರೆ ಇಡುವುದು. ಹುಡುಕುವಾಗ ಧಾರಾಳವಾಗಿರಿ, ಸುಮಾರಾಗಿ ಹೋಲುವವರನ್ನೆಲ್ಲ ಕರೆತನ್ನಿ. ಅಕ್ಷರಶಃ ಹೊಂದಿದ್ದು ಮೇಲೆ, ಹೋಲುವಂಥದ್ದು ಕೆಳಗೆ, ನಡುವೆ ಒಂದು ಗೆರೆ. ಪ್ರತಿ ಹೆಸರಿನ ಪಕ್ಕ ಊರು, ಫೋನಿನ ಕೊನೆಯ ನಾಲ್ಕು ಅಂಕಿ, ಕೊನೆಯ ವ್ಯವಹಾರದ ದಿನ. ಆರಿಸುವುದು ಮನುಷ್ಯ. ಎರಡು ಖಾತೆ ಒಂದೇ ಅಂತ ಅನುಮಾನ ಬಂದರೆ ಸಾಫ್ಟ್‌ವೇರು ಕೇಳಲಿ, ತಾನೇ ಸೇರಿಸಿಬಿಡುವುದು ಬೇಡ. ಸರಿಯಾದ ಅಂಗಡಿ ಹುಡುಗ ಮಾಡುವುದೂ ಇದನ್ನೇ: "ಯಾವ್ ಬಸಣ್ಣ ಸಾರ್, ದಾವಣಗೆರೆಯವ್ರಾ, ರಾಣೆಬೆನ್ನೂರಿನವ್ರಾ?" ಅಂತ ಕೇಳುತ್ತಾನೆ.

ಹಾಗಾದರೆ ಬೇಕಾದ್ದು ಏನು ಅಂತ ಒಟ್ಟಿಗೆ ಹೇಳಿಬಿಡುತ್ತೇನೆ. ಒಂದೇ ಪೆಟ್ಟಿಗೆ. ಅದರಲ್ಲಿ ಹೆಸರಿನ ತುಂಡು ಹಾಕಿದರೂ, ಫೋನಿನ ಕೊನೆಯ ನಾಲ್ಕು ಅಂಕಿ ಹಾಕಿದರೂ, ಸುಮಾರು ಮೊತ್ತ ಹಾಕಿದರೂ, ವಸ್ತುವಿನ ಆಡುಹೆಸರು ಹಾಕಿದರೂ ಏನಾದರೂ ಸಿಗಬೇಕು. ಜಿಎಸ್‌ಟಿ ನಂಬರಿನ 15 ಅಕ್ಷರಗಳ ನಡುವೆ ಹತ್ತು ಅಕ್ಷರದ ಪ್ಯಾನ್ ಅಡಗಿದೆಯಲ್ಲ, ಅದನ್ನು ಹಾಕಿದರೆ ಆ ಕಂಪನಿಯ ಎಲ್ಲ ರಾಜ್ಯದ ಶಾಖೆಗಳೂ ಬರಬೇಕು. ಎರಡು ಸುಳಿವು ಒಟ್ಟಿಗೆ ಹಾಕಿದರೆ ಎರಡೂ ಹೊಂದುವವು ಮೇಲೆ ಬರಬೇಕು. ಎಲ್ಲ ವರ್ಷಗಳಲ್ಲೂ ಹುಡುಕಬೇಕು, ರದ್ದಾದ ಬಿಲ್ಲನ್ನೂ 'ರದ್ದು' ಅಂತ ಗುರುತು ಹಾಕಿ ತೋರಿಸಬೇಕು. ಸಿಗದಿದ್ದಾಗ ಎಲ್ಲೆಲ್ಲಿ ನೋಡಿದೆ ಅಂತ ಹೇಳಬೇಕು. 'ಹೊಸ ಪಾರ್ಟಿ ಸೇರಿಸಿ' ಬಟನ್ನು ಒತ್ತುವ ಮುಂಚೆ 'ಇವರೇನಾ ನೋಡಿ' ಅಂತ ಹೋಲುವ ಹೆಸರುಗಳನ್ನು ಮುಂದಿಡಬೇಕು.

ಇದನ್ನು ಪರೀಕ್ಷಿಸಲು ದೊಡ್ಡ ಸಮೀಕ್ಷೆ ಬೇಡ. ಯಾವುದಾದರೂ ಅಂಗಡಿಯಲ್ಲಿ ಅರ್ಧ ದಿನ ಕೂತು, ಜನ ಹಳೇ ಬಿಲ್ಲು ಕೇಳುವಾಗ ಆಡುವ ಮಾತನ್ನು ಅವರ ಮಾತಿನಲ್ಲೇ ಹತ್ತು ಸಾಲು ಬರೆದುಕೊಂಡು ಬನ್ನಿ. ಆ ಹತ್ತನ್ನೂ ನಿಮ್ಮ ಪೆಟ್ಟಿಗೆಗೆ ಹಾಕಿ. ಎಷ್ಟಕ್ಕೆ ಬಿಲ್ಲು ಸಿಕ್ಕಿತು ಅನ್ನುವುದೇ ನಿಮ್ಮ ಮಾರ್ಕ್ಸು. ಮುಂದಿನ ಸ್ಪ್ರಿಂಟಿನಲ್ಲಿ ಹೊಸ ಟೆಂಪ್ಲೇಟು ಸೇರಿಸುವ ಟಿಕೆಟ್ ಬಂದಾಗ, ಈ ಮಾರ್ಕ್ಸ್ ಕಾರ್ಡನ್ನು ಮೇಜಿನ ಮೇಲಿಟ್ಟು ಕೇಳಿ, ಯಾವುದು ಮೊದಲು ಅಂತ. ಮತ್ತೆ ಸಾಫ್ಟ್‌ವೇರು ಕೊಳ್ಳುವ ಕಡೆ ಇರುವವರು, ಅಪ್ಪನ ಅಂಗಡಿಗೆ ಸಬ್‌ಸ್ಕ್ರಿಪ್ಶನ್ ಮಾಡಿಸಿಕೊಡುವವರು, ಡೆಮೋ ತೋರಿಸಲು ಬಂದ ಹುಡುಗನಿಗೆ ಬಿಲ್ಲು ಮಾಡಿ ತೋರಿಸು ಅನ್ನಬೇಡಿ. ಕಳೆದ ವರ್ಷದ ಒಂದು ಬಿಲ್ಲು ಹುಡುಕಿ ತೋರಿಸಪ್ಪಾ ಅನ್ನಿ. ಅದು ಆಗದಿದ್ದರೆ ಮುಲಾಜಿಲ್ಲದೆ ಚೆಕ್ ಬುಕ್ ಒಳಗಿಡಿ.